ಹಿಡಿ ಅಕ್ಕಿಯ ಲೆಕ್ಕ: ತಿರುನೆಲ್ವೇಲಿಯಿಂದ ಡೋರ್ನಕಲ್‌ಗೆ

ಸಿಕಂದರಾಬಾದಿನಿಂದ ವಿಜಯವಾಡದ ಕಡೆ ರೈಲಿನಲ್ಲಿ ಹೋಗಿಬಂದವರಿಗೆ ಡೋರ್ನಕಲ್ ಜಂಕ್ಷನ್ ಗೊತ್ತಿರುತ್ತದೆ. ಕಾಜೀಪೇಟೆ, ವರಂಗಲ್, ಮಹಬೂಬಾಬಾದ್ ದಾಟಿ, ಇನ್ನೇನು ಖಮ್ಮಂ ಬರಬೇಕು ಅನ್ನುವಾಗ ಸಿಗುವ ನಿಲ್ದಾಣ. ಸಿಂಗರೇಣಿಯ ಕಲ್ಲಿದ್ದಲು ಹೊತ್ತ ವ್ಯಾಗನ್ನುಗಳು, ಟೀ ಮಾರುವವರು, ಸ್ವಲ್ಪ ಧೂಳು. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಕಿಟಕಿಯಿಂದ ಬೋರ್ಡು ಓದಿ ಮತ್ತೆ ಪುಸ್ತಕಕ್ಕೆ ತಲೆ ಹಾಕಿದ್ದೇನೆ. ಆ ಊರಿಗೆ ಒಂದು ಕಥೆ ಇದೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ಕಥೆ ಏನಪ್ಪಾ ಅಂದರೆ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುನೆಲ್ವೇಲಿಯ ತಮಿಳು ಕ್ರೈಸ್ತರು, ಅದರಲ್ಲಿ ಬಹುಪಾಲು ತಾಳೆಮರ ಹತ್ತಿ ಬದುಕುವ ಬಡವರು, ತಮ್ಮದೇ ದುಡ್ಡಿನಲ್ಲಿ, ತಮ್ಮದೇ ಜನರನ್ನು ಕಳಿಸಿ, ತಮಗೆ ಭಾಷೆಯೇ ಬಾರದ ಈ ತೆಲುಗು ನೆಲದಲ್ಲಿ ಒಂದು ಹೊಸ ಸಭೆ ಕಟ್ಟುತ್ತೇವೆ ಅಂತ 1903ರಲ್ಲಿ ಹೊರಟರು. ಯಾವ ಬಿಳಿಯ ದೊರೆಯೂ ಇದಕ್ಕೆ ದುಡ್ಡು ಕೊಡಬಾರದು ಅನ್ನುವುದು ಅವರ ಕರಾರು. ಅಂದರೆ ಕೊಡುತ್ತೇನೆಂದರೂ ಬೇಡ!

ನಾನು ಕ್ರೈಸ್ತನಲ್ಲ. ಮತಾಂತರದ ಬಗ್ಗೆ ನಿಮ್ಮಲ್ಲಿ ಹಲವರಿಗೆ ಖಾರವಾದ ಅಭಿಪ್ರಾಯ ಇದೆ ಅನ್ನುವುದೂ ಗೊತ್ತು. ಅದರ ಮಾತಿಗೂ ಬರುತ್ತೇನೆ. ಆದರೆ ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ಕಥೆಯಲ್ಲಿ ನೋಡುವುದಕ್ಕೆ ಬೇರೆಯೇ ಒಂದು ಸಂಗತಿ ಇದೆ ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ಕನ್ನಡಿಗರಿಗೆ ಮಿಷನ್ ಅಂದರೆ ತಕ್ಷಣ ನೆನಪಾಗುವುದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೆಹ್ನರ್, ಗ್ರೈನರ್. ಆಮೇಲೆ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು, ಹಂಚಿನ ಕಾರ್ಖಾನೆ. ಅಲ್ಲೆಲ್ಲ ಕಳಿಸಿದವರು ಸ್ವಿಟ್ಜರ್ಲೆಂಡ್, ಜರ್ಮನಿಯವರು. ದುಡ್ಡೂ ಅಲ್ಲಿಂದಲೇ ಬರುತ್ತಿತ್ತು. ಹೀಗಾಗಿ ಮಿಷನ್ ಅಂದರೆ ಹಡಗಿನಲ್ಲಿ ಬರುವುದು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಮೂರನೇ ದರ್ಜೆಯ ರೈಲಿನಲ್ಲಿ ಬರುವ ಮಿಷನರಿಯನ್ನು ನಾವು ಊಹಿಸಿಕೊಂಡೇ ಇಲ್ಲ.

ತಿರುನೆಲ್ವೇಲಿಯ ಸಭೆ ಆ ಹೊತ್ತಿಗೆ ಹೊಸದೇನಲ್ಲ. ಪಾಳಯಂಕೋಟೆಯಲ್ಲಿ ಕ್ಲಾರಿಂದಾ ಎಂಬ ಹೆಸರು ಪಡೆದ ಬ್ರಾಹ್ಮಣ ವಿಧವೆಯೊಬ್ಬಳು ಕಟ್ಟಿಸಿದ ಚರ್ಚು 1785ರದು. 1799ರಲ್ಲಿ ಮುದಲೂರು ಅಂತ ಒಂದು ಊರನ್ನೇ ಕಟ್ಟಿದರು. ಹೊಸದಾಗಿ ಕ್ರೈಸ್ತರಾದವರಿಗೆ ಅವರವರ ಊರಲ್ಲಿ ಬಾಳಗೊಡದೆ ಓಡಿಸಿದಾಗ ಆಶ್ರಯಕ್ಕೆ ಅಂತ ಕಟ್ಟಿದ ಊರು ಅದು. ಮುದಲೂರು ಅಂದರೆ 'ಮೊದಲ ಊರು'. ಕನ್ನಡದಲ್ಲೂ ಹೆಚ್ಚುಕಡಿಮೆ ಹಾಗೇ ಹೇಳಬಹುದು ನೋಡಿ. ಆಮೇಲೆ ಹತ್ತೊಂಬತ್ತನೇ ಶತಮಾನದುದ್ದಕ್ಕೂ ಇಂಗ್ಲೆಂಡಿನ ಎರಡು ದೊಡ್ಡ ಆಂಗ್ಲಿಕನ್ ಸಂಸ್ಥೆಗಳು ಅಲ್ಲಿ ಕೆಲಸ ಮಾಡಿದವು. ಹಳ್ಳಿಹಳ್ಳಿಯಲ್ಲಿ ಚರ್ಚು, ಶಾಲೆ, ಉಪದೇಶಿ. 1896ರಲ್ಲಿ ತಿರುನೆಲ್ವೇಲಿಗೇ ಒಂದು ಬಿಷಪ್ ಪೀಠ ಬಂತು.

ಆದರೆ ಬಿಷಪ್ ಇಂಗ್ಲಿಷಿನವರು, ಯಜಮಾನಿಕೆ ಅವರದು, ದೊಡ್ಡ ಖರ್ಚೂ ಅವರದು. ನೂರು ವರ್ಷ ದಾಟಿದ ಸಭೆ ಇನ್ನೂ ಕೈಹಿಡಿಸಿಕೊಂಡೇ ನಡೆಯುತ್ತಿತ್ತು.

ಈ ಸಭೆಯಲ್ಲಿ ಬಹುಮಂದಿ ನಾಡಾರರು. ತಾಳೆಮರ ಹತ್ತಿ ನೀರ ಇಳಿಸಿ ಬೆಲ್ಲ ಕಾಯಿಸುವ ಕಸುಬು ಅವರಲ್ಲಿ ಹೆಚ್ಚಿನವರದು. ತಿರುಚೆಂದೂರಿನ ಸುತ್ತಲ ಸೀಮೆಯನ್ನು ನೋಡಿದವರಿಗೆ ಗೊತ್ತು, ಕೆಂಪು ಮರಳಿನ ದಿಬ್ಬ, ಅದರ ಮೇಲೆ ಸಾಲುಸಾಲು ತಾಳೆ, ಬೇರೆ ಬೆಳೆ ಕಷ್ಟ. ದೇವಸ್ಥಾನದ ಒಳಗೆ ಇವರನ್ನು ಬಿಡುತ್ತಿರಲಿಲ್ಲ. ಆ ಜಗಳ ಹೊತ್ತಿಕೊಂಡೇ 1899ರಲ್ಲಿ ಶಿವಕಾಶಿಯ ದೊಡ್ಡ ಗಲಭೆ ಆಗಿದ್ದು. ಅಂದರೆ ನಾನು ಹೇಳಹೊರಟಿರುವ 1903ಕ್ಕೆ ಕೇವಲ ನಾಲ್ಕು ವರ್ಷ ಮುಂಚೆ. ತಮಗೇ ಇನ್ನೂ ಮರ್ಯಾದೆ ಸಿಗದ ಜನ, ಪಡೆಯುವವರ ಸಾಲಿನಿಂದ ಎದ್ದು ಕೊಡುವವರ ಸಾಲಿಗೆ ಹೋಗುತ್ತೇವೆ ಅಂದಿದ್ದು ಇಂಥ ಹೊತ್ತಿನಲ್ಲಿ. ಇದನ್ನು ಬರೀ ಭಕ್ತಿ ಅಂತ ಓದಿದರೆ ಅರ್ಧ ಮಾತ್ರ ಓದಿದ ಹಾಗೆ ಅಂತ ನನ್ನ ಅನಿಸಿಕೆ.

ಈಗ ಅಜರಯ್ಯನವರ ಮಾತಿಗೆ ಬರೋಣ. ವೇದನಾಯಕಂ ಸಾಮುವೇಲ್ ಅಜರಯ್ಯ. ತೆಲುಗರ ಬಾಯಲ್ಲಿ ಅಜರಯ್ಯ ಆದ್ದರಿಂದ ನಾನೂ ಹಾಗೇ ಬರೆಯುತ್ತೇನೆ. ಹುಟ್ಟಿದ್ದು 1874ರ ಆಗಸ್ಟ್ 17, ವೆಳ್ಳಾಳನ್‌ವಿಳೈ ಎಂಬ ಹಳ್ಳಿ. ಅಪ್ಪ ಆ ಹಳ್ಳಿಯ ಸಭಾಪಾಲಕರು. ಹುಡುಗ ಮದರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಹೋದ, ಓದಿದ, ಆದರೆ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಬಿ.ಎ. ಪದವಿ ಕೈಗೆ ಬರಲಿಲ್ಲ. ಮತ್ತೆ ಕೂರುವ ಗೋಜಿಗೂ ಹೋಗಲಿಲ್ಲ. 1895ರಿಂದ ವೈ.ಎಂ.ಸಿ.ಎ. ಕಾರ್ಯದರ್ಶಿ ಕೆಲಸ, ಊರೂರು ತಿರುಗಾಟ. 1898ರಲ್ಲಿ ಮದುವೆ. ಹೆಂಡತಿ ಅನ್ಬು ಆ ಸೀಮೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಮೊದಲ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಒಬ್ಬರು. ವರದಕ್ಷಿಣೆ ಬೇಡ ಅಂದು, ಕೆಲವೇ ರೂಪಾಯಿಯಲ್ಲಿ ಮದುವೆ ಮುಗಿಸಿದರಂತೆ. ಆ ಕಾಲಕ್ಕೆ, ಆ ಸಮಾಜದಲ್ಲಿ, ಇದು ಸಣ್ಣ ಮಾತಲ್ಲ. ಇವತ್ತಿಗೂ ಅಲ್ಲ ಬಿಡಿ.

1902ರಲ್ಲಿ ಅಜರಯ್ಯನವರು ಸಿಂಹಳದ ಜಾಫ್ನಾಕ್ಕೆ ಹೋದರು. ಜೊತೆಗೆ ಗೆಳೆಯ ಶೆರ್ವುಡ್ ಎಡ್ಡಿ, ಅಮೆರಿಕದವರು. ಜಾಫ್ನಾದಲ್ಲಿ ಅಮೆರಿಕನ್ ಮಿಷನ್ 1816ರಿಂದಲೂ ಇತ್ತು. ಅಲ್ಲಿನ ತಮಿಳು ಕ್ರೈಸ್ತರ ಸಂಖ್ಯೆ ತಿರುನೆಲ್ವೇಲಿಯ ಮುಂದೆ ಏನೇನೂ ಅಲ್ಲ. ಆದರೆ ಅವರು ಏನು ಮಾಡುತ್ತಿದ್ದರು ಗೊತ್ತಾ? ತಮ್ಮತಮ್ಮಲ್ಲೇ ದುಡ್ಡು ಕೂಡಿಸಿ, ಸಮುದ್ರ ದಾಟಿಸಿ, ಇಂಡಿಯಾದ ರಾಮನಾಡು ತೀರದ ತೊಂಡಿ ಎಂಬಲ್ಲಿ ಕೆಲಸಗಾರನನ್ನು ಇಟ್ಟು ಸಲಹುತ್ತಿದ್ದರು. ಅಂದರೆ ತಿರುನೆಲ್ವೇಲಿಯವರ ಬಗಲಿನಲ್ಲೇ ಇರುವ ಊರಿಗೆ, ಸಮುದ್ರದ ಆಚೆಯ ಸಣ್ಣ ಸಭೆಯೊಂದು ಜನ ಕಳಿಸುತ್ತಿದೆ!

ಅಜರಯ್ಯನವರಿಗೆ ನಾಚಿಕೆಯಾಯಿತು. ನಾಚಿಕೆ ಅನ್ನುವುದು ಇತಿಹಾಸದಲ್ಲಿ ಎಷ್ಟು ಕೆಲಸ ಮಾಡಿದೆ ಅಂತ ಯಾರಾದರೂ ಒಂದು ಪುಸ್ತಕ ಬರೆಯಬೇಕು. ಪಕ್ಕದ ಮನೆಯವರು ಮಾಡಿದ್ದು ನೋಡಿ 'ಛೆ, ನಮ್ಮಿಂದ ಆಗಲಿಲ್ಲವಲ್ಲ' ಅಂದುಕೊಂಡು ಶುರುವಾದ ಕೆಲಸಗಳು, ದೊಡ್ಡ ಧ್ಯೇಯವಾಕ್ಯ ಬರೆದು ಶುರುವಾದವುಗಳಿಗಿಂತ ಹೆಚ್ಚು ಬಾಳಿಕೆ ಬಂದಿವೆ ಅಂತ ನನಗೆ ಅನುಮಾನ.

ಊರಿಗೆ ವಾಪಸ್ಸಾಗಿ ಅವರು ಹಳ್ಳಿಹಳ್ಳಿಯಲ್ಲಿ ಇದನ್ನೇ ಹೇಳುತ್ತ ಬಂದರು. 1903ರ ಫೆಬ್ರವರಿ 12ರಂದು ಪಾಳಯಂಕೋಟೆಯಲ್ಲಿ 'ಇಂಡಿಯನ್ ಮಿಷನರಿ ಸೊಸೈಟಿ ಆಫ್ ತಿನ್ನೆವೆಲ್ಲಿ' ಹುಟ್ಟಿತು. ಭಾರತೀಯ ಕೆಲಸಗಾರರು, ಭಾರತೀಯ ಹಣ, ಭಾರತೀಯ ಆಡಳಿತ, ಈ ಮೂರು ನಿಬಂಧನೆ. ವರ್ಷ ಗಮನಿಸಿ. ಬಂಗಾಳ ವಿಭಜನೆ, ಸ್ವದೇಶಿ ಚಳವಳಿ ಶುರುವಾಗಿದ್ದು 1905ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ, ರಾಜನಿಷ್ಠರು ಅಂತ ಎಲ್ಲರೂ ಹೀಗಳೆಯುತ್ತಿದ್ದ ಒಂದು ಕ್ರೈಸ್ತ ಸಭೆ ಸ್ವದೇಶಿ ಕರಾರು ಬರೆದುಕೊಂಡಿತ್ತು. 1905ರ ಕ್ರಿಸ್‌ಮಸ್ ದಿನ ಬಂಗಾಳದ ಶ್ರೀರಾಮಪುರದಲ್ಲಿ, ವಿಲಿಯಂ ಕೇರಿ ಕೂತು ಓದುತ್ತಿದ್ದ ಗ್ರಂಥಾಲಯದಲ್ಲಿ, ಇದೇ ಮಾದರಿಯಲ್ಲಿ ಇಡೀ ದೇಶಕ್ಕೆ 'ನ್ಯಾಷನಲ್ ಮಿಷನರಿ ಸೊಸೈಟಿ' ಆಯಿತು. ಅದರ ಮೊದಲ ಕಾರ್ಯದರ್ಶಿಯೂ ಅಜರಯ್ಯನವರೇ.

ದುಡ್ಡು ಎಲ್ಲಿಂದ? ಇದು ನನಗೆ ಬಹಳ ಇಷ್ಟವಾದ ಭಾಗ. ತಿರುನೆಲ್ವೇಲಿ ಸೀಮೆಯ ಕ್ರೈಸ್ತರ ಮನೆಗಳಲ್ಲಿ 'ಪಿಡಿ ಅರಿಸಿ' ಅಂತ ಒಂದು ರೂಢಿ. ನಮ್ಮ ಹಿಡಿ ಅಕ್ಕಿಯೇ. ಅನ್ನಕ್ಕೆ ಅಕ್ಕಿ ಅಳೆಯುವಾಗ ಹೆಂಗಸರು ಅದರಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು. ಅದನ್ನು ಒಟ್ಟುಮಾಡಿ ಸಭೆಗೆ ಕೊಡುವುದು, ಸಭೆ ಅದನ್ನು ಮಾರಿ ಹಣ ಮಾಡುವುದು. ಮೊದಲ ಮೊಟ್ಟೆ, ಮೊದಲ ಕಾಯಿ, ಬೆಲ್ಲದ ಅಚ್ಚು, ಹೀಗೆ ಕಾಣಿಕೆ ಏನು ಬೇಕಾದರೂ ಆಗಬಹುದು. ಕೈಯಲ್ಲಿ ರೊಕ್ಕ ಓಡಾಡದ ಮನೆಯಿಂದ ಕಾಣಿಕೆ ತೆಗೆಯುವ ದಾರಿ ಇದು. ಒಂದು ಹಿಡಿ ಕಮ್ಮಿಯಾದರೆ ಯಾರ ಹೊಟ್ಟೆಯೂ ಖಾಲಿ ಇರುವುದಿಲ್ಲ ಅಂತ ಹೇಳುವುದು ಸುಲಭ. ಆದರೆ ಬಡವರ ಮನೆಯಲ್ಲಿ ಆ ಹಿಡಿ ಯಾರ ತಟ್ಟೆಯಿಂದ ಕಮ್ಮಿಯಾಗುತ್ತದೆ ಅನ್ನುವುದು ನಮ್ಮ ತಾಯಂದಿರನ್ನು ನೋಡಿದವರಿಗೆಲ್ಲ ಗೊತ್ತು. ಸೊಸೈಟಿಯ ಚರಿತ್ರೆ ಅಂತ ಬರೆದರೆ ಗಂಡಸರ ಹೆಸರೇ ಬರುತ್ತದೆ. ಗಡಿಗೆ ಮಾತ್ರ ಅಡುಗೆಮನೆಯಲ್ಲಿತ್ತು.

(ಇಲ್ಲಿ ಒಂದು ಮಾತು. ನಮ್ಮ ಹೊರನಾಡ ಸಂಘವೊಂದರಲ್ಲಿ ಕಟ್ಟಡದ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ 'ಬೆಂಗಳೂರಿನಿಂದ ಅನುದಾನ ಎಷ್ಟು ಬರಬಹುದು' ಅಂತ. ಸದಸ್ಯರಿಂದ ಎಷ್ಟು ಏಳುತ್ತದೆ ಅನ್ನುವುದು ಕೊನೆಯ ಪ್ರಶ್ನೆ. ನಾನೂ ಆ ಸಭೆಗಳಲ್ಲಿ ಕೂತು ತಲೆ ಆಡಿಸಿದವನೇ. ಇರಲಿ.)

ಸರಿ, ಎಲ್ಲಿಗೆ ಹೋಗುವುದು? ಯಾವ ಮಿಷನ್ನೂ ಕಾಲಿಡದ ಜಾಗ ಬೇಕಿತ್ತು. ಹುಡುಕಾಟದಲ್ಲಿ ಸಿಕ್ಕಿದ್ದು ನಿಜಾಮರ ಸಂಸ್ಥಾನದ ಪೂರ್ವದಂಚಿನ ಮಾನುಕೋಟ ಸೀಮೆ, ಅಂದರೆ ಈಗಿನ ಮಹಬೂಬಾಬಾದ್ ಮತ್ತು ಡೋರ್ನಕಲ್ ಸುತ್ತಲಿನ ಹಳ್ಳಿಗಳು. ನಮ್ಮ ರಾಯಚೂರು, ಗುಲ್ಬರ್ಗ, ಬೀದರ್ ಆಗ ಯಾವ ಸಂಸ್ಥಾನದಲ್ಲಿದ್ದವೋ ಅದರದೇ ಇನ್ನೊಂದು ತುದಿ. ಜನ ತೆಲುಗರು, ರಾಜ ಮುಸಲ್ಮಾನ, ಕಚೇರಿ ಭಾಷೆ ಉರ್ದು. 1871ರಲ್ಲಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಯೆಲ್ಲಂದು ಹತ್ತಿರ ಕಲ್ಲಿದ್ದಲು ಇದೆ ಅಂತ ಪತ್ತೆಮಾಡಿದ್ದರಿಂದ ಆ ಕಾಡಿಗೆ ರೈಲು ಬಂದಿತ್ತು. ರೈಲು ಬಂದಿದ್ದರಿಂದ ಡೋರ್ನಕಲ್ ಜಂಕ್ಷನ್ ಆಯಿತು. ಕಲ್ಲಿದ್ದಲಿಗೆ ಅಂತ ಹಾಕಿದ ಹಳಿಯ ಮೇಲೆ ಇವರೂ ಬಂದರು.

ಮೊದಲು ಬಂದವರು ಸಾಮುವೇಲ್ ಪಾಕ್ಯನಾಥನ್, 1904ರಲ್ಲಿ. ತೆಲುಗು ಅಕ್ಷರವೂ ಗೊತ್ತಿರಲಿಲ್ಲ. ಯೋಚಿಸಿ ನೋಡಿ, ತಮಿಳಿನಿಂದ ತೆಲುಗಿಗೆ ಬಂದವನ ಪಾಡು. ಕನ್ನಡದವರಾದ ನಮಗಾದರೂ ಲಿಪಿ ಅರ್ಧ ಪರಿಚಯ ಇರುತ್ತದೆ, ತಲೆಕಟ್ಟು ಕೊಂಚ ಬೇರೆ ಅಷ್ಟೆ. ನಾನು ಇಲ್ಲಿಗೆ ಬಂದ ಒಂದೇ ವಾರಕ್ಕೆ ಬಸ್ಸಿನ ಬೋರ್ಡು ಓದುತ್ತಿದ್ದೆ. ಆದರೆ ಬೋರ್ಡು ಓದುವುದು ಬೇರೆ, ಒಬ್ಬ ಕೂಲಿಯವನ ಕಷ್ಟ ಅವನ ಮಾತಿನಲ್ಲೇ ಕೇಳಿ ತಿಳಿದುಕೊಳ್ಳುವುದು ಬೇರೆ. ಎರಡನೆಯದಕ್ಕೆ ನನಗೆ ವರ್ಷಗಳೇ ಹಿಡಿದವು. ಪಾಕ್ಯನಾಥನ್ ಅವರ ಕೆಲಸವೇ ಎರಡನೆಯದು. ಮೊದಲ ದೀಕ್ಷಾಸ್ನಾನಗಳು ಆಗುವುದಕ್ಕೆ 1906 ಬರಬೇಕಾಯಿತು.

ಅಜರಯ್ಯನವರಿಗೆ ಇನ್ನೊಂದು ನಾಚಿಕೆ ಕಾದಿತ್ತು. ಮದರಾಸಿನ ಕಚೇರಿಯಲ್ಲಿ ಕೂತು, ದೇಶದ ಯುವಕರಿಗೆಲ್ಲ 'ಹೋಗಿ, ಹಳ್ಳಿಗೆ ಹೋಗಿ' ಅಂತ ಭಾಷಣ ಮಾಡುತ್ತಿದ್ದವರು ಅವರು. ತಾನೇ ಯಾಕೆ ಹೋಗಬಾರದು? ಆಗ ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ತತ್ವಶಾಸ್ತ್ರಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ಅಣ್ಣ. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಪುಸ್ತಕ ಬರೆದವರೂ ಇವರೇ. ಅದರಲ್ಲಿ ನಮ್ಮ ಮೈಸೂರು ಸೀಮೆಯ ಅಮ್ಮಂದಿರ ವಿವರವೂ ಇದೆ. ಮಾರಿಹಬ್ಬದ ಬಗ್ಗೆ ಆಸಕ್ತಿ ಇರುವವರು ಹುಡುಕಿ ಓದಬಹುದು, ಬರೆದವರ ದೃಷ್ಟಿಯನ್ನು ಸ್ವಲ್ಪ ಸೋಸಿಕೊಂಡು. ಅವರೂ ಅವರ ಹೆಂಡತಿ ಇಸಬೆಲ್ ಅವರೂ ಅಜರಯ್ಯನವರ ಬೆನ್ನಿಗೆ ನಿಂತರು. 1909ರಲ್ಲಿ ವೈ.ಎಂ.ಸಿ.ಎ. ಕೆಲಸ ಬಿಟ್ಟು, ಗುರುದೀಕ್ಷೆ ಪಡೆದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಜರಯ್ಯನವರು ಡೋರ್ನಕಲ್‌ಗೆ ಬಂದರು. ಮೂವತ್ತೈದು ವಯಸ್ಸು. ಶುರುವಿಗೆ ಡೇರೆಯಲ್ಲಿ ವಾಸ. ಕೂತು ತೆಲುಗು ಕಲಿತರು.

ಮರುವರ್ಷ, 1910ರಲ್ಲಿ, ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ಮಹಾಸಮ್ಮೇಳನ. ಸುಮಾರು 1200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಅಲ್ಲಿ ಅಜರಯ್ಯನವರು ಎದ್ದು ನಿಂತು, ನೀವು ತ್ಯಾಗ ಮಾಡಿದ್ದೀರಿ, ದುಡ್ಡು ಕೊಟ್ಟಿದ್ದೀರಿ, ಎಲ್ಲ ಸರಿ, ಆದರೆ ನಮಗೆ ಬೇಕಾದದ್ದು ಸ್ನೇಹಿತರು ಅನ್ನುವ ಅರ್ಥ ಬರುವಂತೆ ಮಾತಾಡಿದರು. ಮಿಷನರಿಗಳು ಭಾರತೀಯ ಸಹೋದ್ಯೋಗಿಗಳನ್ನು ಮನೆಗೆ ಊಟಕ್ಕೆ ಕರೆಯುವುದಿಲ್ಲ, ಸರಿಸಮ ಕೂರಿಸುವುದಿಲ್ಲ ಅನ್ನುವುದನ್ನು ಮುಖದ ಮೇಲೇ ಹೇಳಿದರು. ಸಭಾಂಗಣದಲ್ಲಿ ಹಲವರಿಗೆ ಸಿಟ್ಟು ಬಂತು. ಆದರೆ ಇವತ್ತು ಆ ಸಮ್ಮೇಳನದ ಬಗ್ಗೆ ಯಾರೇ ಬರೆದರೂ ಈ ಭಾಷಣವನ್ನು ಬಿಟ್ಟು ಬರೆಯುವುದಿಲ್ಲ.

ಬಿಷಪ್ ಆಗಿದ್ದು ಇನ್ನೊಂದು ಕಥೆ. ಭಾರತೀಯನೊಬ್ಬನನ್ನು ಬಿಷಪ್ ಮಾಡುವ ಪ್ರಸ್ತಾಪಕ್ಕೆ ಬಿಳಿಯರಿಂದ ಅಷ್ಟೇ ಅಲ್ಲ, ನಮ್ಮವರಿಂದಲೂ ವಿರೋಧ ಬಂತು. ಜಾತಿ, ಪ್ರಾಂತ, ಅಸೂಯೆ, ಎಲ್ಲ ಸೇರಿತ್ತು. ಬಿಳಿಯ ಮಿಷನರಿಗಳು ಕಪ್ಪು ಬಿಷಪ್ಪಿನ ಕೈಕೆಳಗೆ ಕೆಲಸ ಮಾಡುತ್ತಾರಾ? ಕಾನೂನಿನ ತೊಡಕುಗಳೂ ಇದ್ದವು. ಡೋರ್ನಕಲ್ ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ, ನಿಜಾಮರ ರಾಜ್ಯದಲ್ಲಿತ್ತು, ಅಲ್ಲಿ ಇಂಗ್ಲಿಷ್ ಮಿಷನರಿಗಳೂ ಇರಲಿಲ್ಲ. ಅದೇ ಅನುಕೂಲವಾಯಿತು. ಒಂದು ಪುಟ್ಟ ಪೀಠ ಮಾಡಿ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಕೆಥೆಡ್ರಲಿನಲ್ಲಿ ಅಭಿಷೇಕ ನಡೆಸಿದರು. ಆಂಗ್ಲಿಕನ್ ಚರ್ಚಿನ ಮೊದಲ ಭಾರತೀಯ ಬಿಷಪ್. 1920ರ ದಶಕದ ಆರಂಭದ ಹೊತ್ತಿಗೆ ಮದರಾಸ್ ಪ್ರಾಂತದ ತೆಲುಗು ಜಿಲ್ಲೆಗಳ ಆಂಗ್ಲಿಕನ್ ಸಭೆಗಳನ್ನೂ ಡೋರ್ನಕಲ್‌ಗೆ ಸೇರಿಸಿದರು. ಆಗ ಇಂಗ್ಲಿಷ್ ಪಾದ್ರಿಗಳು ಇವರ ಕೈಕೆಳಗೆ ಬಂದೇ ಬಂದರು. ಆಕಾಶವೇನೂ ಬೀಳಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. 1912ರಿಂದ 1945ರವರೆಗೆ, ಮೂವತ್ತೆರಡು ವರ್ಷ, ಆಂಗ್ಲಿಕನ್ ಚರ್ಚಿನಲ್ಲಿ ಸ್ವತಂತ್ರ ಪೀಠ ಇದ್ದ ಭಾರತೀಯ ಬಿಷಪ್ ಇವರೊಬ್ಬರೇ. ಬಾಗಿಲು ತೆರೆದರು ಅಂತ ಎಲ್ಲರೂ ಹೊಗಳಿದರು, ಹಿಂದೆ ಬಂದವರಿಗೆ ಮಾತ್ರ ಅದು ಮುಚ್ಚಿಯೇ ಇತ್ತು.

ಡೋರ್ನಕಲ್ ಸಭೆಗೆ ಸೇರಿದವರು ಯಾರು? ಮುಖ್ಯವಾಗಿ ಮಾಲ ಮತ್ತು ಮಾದಿಗ ಸಮುದಾಯದವರು. ಊರ ಹೊರಗೆ ಕೇರಿ, ದೊರೆಗಳ ಹೊಲದಲ್ಲಿ ಜೀತ ಮತ್ತು ಬಿಟ್ಟಿ ದುಡಿಮೆ. ನಿಜಾಮರ ತೆಲಂಗಾಣದ 'ವೆಟ್ಟಿ' ಅಂದರೆ ಏನು ಅನ್ನುವುದನ್ನು ಬೇರೆ ಯಾವಾಗಲಾದರೂ ಬರೆಯಬೇಕು. ಒಬ್ಬೊಬ್ಬರಾಗಿ ಅಲ್ಲ, ಕೇರಿಗೆ ಕೇರಿಯೇ ಬಂದು ಸೇರುತ್ತಿತ್ತು. ಹೀಗೆ ಸೇರಿದವರನ್ನು ತಿಂಗಳುಗಟ್ಟಲೆ ಕಲಿಸಿ ಆಮೇಲೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅಜರಯ್ಯನವರು ದೀಕ್ಷಾಸ್ನಾನ ಪಡೆದವರ ಕೈಯನ್ನು ಅವರ ತಲೆಯ ಮೇಲೇ ಇಡಿಸಿ, ಸುವಾರ್ತೆ ಹೇಳದೆ ಹೋದರೆ ನನ್ನ ಗತಿ ಕೆಟ್ಟಂತೆ ಎಂಬ ಅರ್ಥದ ಪೌಲನ ಮಾತನ್ನು ಹೇಳಿಸುತ್ತಿದ್ದರಂತೆ. ಅಂದರೆ ಇವತ್ತು ಸೇರಿದವನೇ ನಾಳೆ ಕಳಿಸುವವನು. ತಿರುನೆಲ್ವೇಲಿ ನೂರು ವರ್ಷ ತಗೊಂಡಿದ್ದನ್ನು ಡೋರ್ನಕಲ್ ಮೊದಲ ದಿನವೇ ಮಾಡಬೇಕು ಅನ್ನುವ ಹಟ ಅದರಲ್ಲಿತ್ತು ಅಂತ ನನಗೆ ಕಾಣುತ್ತದೆ.

ಕಾಣಿಕೆಯೂ ಹಾಗೇ. ಸುಗ್ಗಿಯ ಹೊತ್ತಿಗೆ ಜೋಳ, ಭತ್ತ, ಕೋಳಿ, ಕುಂಬಳಕಾಯಿ ಹೊತ್ತು ತರುತ್ತಿದ್ದರು. ಹಾಡು ನಮ್ಮ ಕೋಲಾಟ, ಭಜನೆಯ ಧಾಟಿಯಲ್ಲಿ, ತೆಲುಗಿನಲ್ಲಿ. ಕೂರುವುದು ನೆಲದ ಮೇಲೆ. ಉಪದೇಶಿಗಳಾಗಲು ಬಂದವರಿಗೆ ಪಾಠದ ಜೊತೆ ಹೊಲದ ಕೆಲಸವೂ ಇತ್ತು. ಅವರ ಹೆಂಡತಿಯರಿಗೂ ಓದು ಕಡ್ಡಾಯ, ಅನ್ಬು ಅವರೇ ಕಲಿಸುತ್ತಿದ್ದರು. ಕೊಳೆ, ಕಾಯಿಲೆ, ಸಾಲ, ಕುಡಿತ, ಇವು ನಾಲ್ಕೂ ಓಡಿಸಬೇಕಾದ ಭೂತಗಳು ಅಂತ ಬಿಷಪ್ ಎತ್ತಿನಗಾಡಿಯಲ್ಲಿ ಊರೂರು ತಿರುಗಿ ಹೇಳುತ್ತಿದ್ದರು. 1941ರ ಹೊತ್ತಿಗೆ ಇಡೀ ಪೀಠದಲ್ಲಿ ಸುಮಾರು 2 ಲಕ್ಷ 25 ಸಾವಿರ ಜನ. ತೆಲುಗು ಪಾದ್ರಿಗಳು ನೂರಾರು, ಹಳ್ಳಿಯ ಮೇಷ್ಟರುಗಳು ಸಾವಿರಾರು.

ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಮಾಲರೂ ಮಾದಿಗರೂ ಒಂದೇ ಚರ್ಚಿನಲ್ಲಿ ಕೂತರೂ ಕೇರಿಗಳ ನಡುವಿನ ಗೆರೆ ಪೂರ್ತಿ ಅಳಿಸಲಿಲ್ಲ. ತಾಳೆಮರದ ಸೀಮೆಯಲ್ಲೂ ಅದೇ ಕಥೆ ಆಗಿತ್ತು. ಪರರಿಗೆ ಸಭೆ ಕಟ್ಟಲು ಹೊರಟವರ ಊರಿನಲ್ಲೇ ಜಾತಿಗೊಂದು ಸಭೆ ಅನ್ನುವ ಸ್ಥಿತಿ. ಇನ್ನು ಅಜರಯ್ಯನವರೂ ಶಿಸ್ತಿನ ಮನುಷ್ಯ, ಇಂಗ್ಲಿಷ್ ಚರ್ಚಿನ ಕಟ್ಟುಕಟ್ಟಳೆಯನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

ಮತ್ತೆ ಗಾಂಧೀಜಿ. 1930ರ ದಶಕದಲ್ಲಿ ಈ ಗುಂಪು ಮತಾಂತರಗಳನ್ನು ಗಾಂಧೀಜಿ ಕಟುವಾಗಿ ಟೀಕಿಸಿದರು. ಏನೂ ಅರಿಯದ ಬಡವರನ್ನು ಧರ್ಮದ ಹೆಸರಿನಲ್ಲಿ ಎಳೆದುಕೊಳ್ಳುವುದು ತಪ್ಪು, ಸೇವೆ ಮಾಡಿ, ಮತ ಬದಲಾಯಿಸಬೇಡಿ, ಇದು ಅವರ ವಾದ. ಅಜರಯ್ಯನವರ ಉತ್ತರ: ಆ ಬಡವರಿಗೆ ಸ್ವಂತ ಬುದ್ಧಿ ಇಲ್ಲ ಅಂತ ತೀರ್ಮಾನಿಸಿದವರು ಯಾರು? ನಾನು ಎರಡೂ ಕಡೆಯ ವಾದ ಓದಿದ್ದೇನೆ. ಹಣ, ಅಧಿಕಾರದ ಆಮಿಷದ ಬಗ್ಗೆ ಗಾಂಧೀಜಿ ಎತ್ತಿದ ಪ್ರಶ್ನೆ ದೊಡ್ಡದು, ಅದನ್ನು ತಳ್ಳಿಹಾಕಲು ಆಗದು. ಆದರೆ ಡೋರ್ನಕಲ್ ಮಟ್ಟಿಗೆ, ಹಿಡಿ ಅಕ್ಕಿಯ ದುಡ್ಡಿನಲ್ಲಿ ಬಂದವನು ಯಾರಿಗೆ ಏನು ಆಮಿಷ ಒಡ್ಡಿಯಾನು? ಸೇರಿದವರಿಗೆ ಊರ ದೊರೆಯ ಸಿಟ್ಟೂ ಏಟೂ ಗ್ಯಾರಂಟಿ ಇದ್ದವು. ಅಂದಹಾಗೆ, ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ ವಿರೋಧಿಸಿದವರಲ್ಲಿ ಅಜರಯ್ಯನವರೂ ಒಬ್ಬರು. ಈ ವಿಷಯದಲ್ಲಿ ಅವರು ಗಾಂಧೀಜಿಗೆ ಹತ್ತಿರವೇ ಇದ್ದರು. ಸಿದ್ಧ ಪೆಟ್ಟಿಗೆಗಳಲ್ಲಿ ಮನುಷ್ಯರು ಕೂರುವುದಿಲ್ಲ.

ಅಂಬೇಡ್ಕರ್ ಜೊತೆಗಿನ ಮಾತುಕತೆ ಇನ್ನೂ ಕುತೂಹಲದ್ದು. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದ ಮೇಲೆ ಅಂಬೇಡ್ಕರ್ ಎಲ್ಲ ಧರ್ಮದವರ ಜೊತೆಗೂ ಮಾತಾಡುತ್ತಿದ್ದರಷ್ಟೆ. ಅವರು ಅಜರಯ್ಯನವರನ್ನು ಕೇಳಿದ್ದು ನೇರ ಪ್ರಶ್ನೆ: ನಮ್ಮ ಜನ ದೇಶದ ತುಂಬ ಚದುರಿದ್ದಾರೆ, ಕ್ರೈಸ್ತರಾದರೆ ಎಲ್ಲೇ ಇದ್ದರೂ ಒಂದೇ ಚರ್ಚಿನವರಾಗಿರಲು ಸಾಧ್ಯವೇ? ಜಾತಿ ಇರುವುದಿಲ್ಲವೇ? ಹೌದು ಅನ್ನಲು ಬಾಯಿ ಬರಲಿಲ್ಲ, ತಲೆ ತಗ್ಗಿಸಬೇಕಾಯಿತು ಅಂತ ಅಜರಯ್ಯನವರೇ ಆಮೇಲೆ ಹೇಳಿಕೊಂಡಿದ್ದಾರೆ. ಇದು ಮೂರನೆಯ ನಾಚಿಕೆ.

ಯಾಕೆಂದರೆ ಪರಿಸ್ಥಿತಿ ಹೇಗಿತ್ತು ಅಂದರೆ, ಒಂದು ತಾಲೂಕು ಆಂಗ್ಲಿಕನ್, ಪಕ್ಕದ್ದು ಮೆಥಡಿಸ್ಟ್, ಅದರಾಚೆ ಬ್ಯಾಪ್ಟಿಸ್ಟ್. ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷದ ಹಿಂದೆ ಯಾರೋ ಮಾಡಿಕೊಂಡ ಜಗಳಕ್ಕೆ ತೆಲಂಗಾಣದ ಕೂಲಿಯವನು ಬೇರೆಬೇರೆ ಹೆಸರು ಹೊತ್ತು ತಿರುಗಬೇಕು. ಮದುವೆಯಾಗಿ ಪಕ್ಕದ ತಾಲೂಕಿಗೆ ಹೋದ ಹುಡುಗಿಯ ಸಭೆಯೇ ಬದಲಾಗುತ್ತಿತ್ತು. ಅಜರಯ್ಯನವರು 1919ರಲ್ಲೇ ತರಂಗಂಬಾಡಿಯಲ್ಲಿ ಬೇರೆ ಬೇರೆ ಚರ್ಚುಗಳವರನ್ನು ಕೂರಿಸಿ ಒಂದಾಗುವ ಮಾತು ಶುರುಮಾಡಿದ್ದರು. ಮಾತುಕತೆ ಎಳೆಯಿತು, ಎಳೆಯಿತು, ಇಪ್ಪತ್ತೆಂಟು ವರ್ಷ ಎಳೆಯಿತು.

ಈ ನಡುವೆ ಡೋರ್ನಕಲ್‌ನಲ್ಲಿ ದೊಡ್ಡ ಚರ್ಚು ಏಳುತ್ತಿತ್ತು. ಇಂಗ್ಲೆಂಡಿನ ಗೋಥಿಕ್ ಚೂಪು ಗೋಪುರ ಬೇಡ ಅಂತ ಬಿಷಪ್ಪರ ನಿಲುವು. ಅವರ ಬಾಲ್ಯದ ಮೆಞ್ಞಾನಪುರದಲ್ಲಿ ಅಂಥದೇ ಗೋಪುರ ಆಕಾಶಕ್ಕೆ ಚುಚ್ಚಿಕೊಂಡು ನಿಂತಿದೆ, ಬೇಡ ಅಂದಿದ್ದು ಅದನ್ನು ನೋಡಿಯೇ ಬೆಳೆದವರು. ಇಲ್ಲಿ ಗುಮ್ಮಟ, ಮಿನಾರು ನಿಜಾಮರ ನಾಡಿನ ಮಸೀದಿಗಳ ಹಾಗೆ. ಒಳಗಿನ ಕಲ್ಲುಕಂಬಗಳು ದೇವಸ್ಥಾನದ ಮಂಟಪದ ಹಾಗೆ. ಕೆತ್ತನೆಯಲ್ಲಿ ತಾವರೆ. ತಾವರೆಯಿಂದ ಮೇಲೆದ್ದ ಶಿಲುಬೆ. ಕಟ್ಟಲು ಶುರುಮಾಡಿ ವರ್ಷಗಟ್ಟಲೆ ಆದರೂ ಮುಗಿಯಲಿಲ್ಲ, ದುಡ್ಡು ಬಂದಷ್ಟು ಕಟ್ಟುವುದು, ನಿಲ್ಲಿಸುವುದು. ಕೊನೆಗೆ ಪ್ರತಿಷ್ಠೆಯಾಗಿದ್ದು 1939ರ ಜನವರಿ 6ರಂದು. ಕ್ರೈಸ್ತರ ಪಂಚಾಂಗದಲ್ಲಿ ಅದು ಪ್ರಕಟಣೆಯ ಹಬ್ಬ, ಪೂರ್ವದಿಕ್ಕಿನ ಜ್ಞಾನಿಗಳು ನಕ್ಷತ್ರ ನೋಡಿಕೊಂಡು ಬೆತ್ಲೆಹೇಮಿಗೆ ಬಂದ ದಿನ. ಚರ್ಚಿನ ಹೆಸರೂ ಅದೇ ಹಬ್ಬದ್ದು. ದೂರದ ಊರಿನಿಂದ, ಪರಭಾಷೆಯವರು, ಕೈಯಲ್ಲಿ ಕಾಣಿಕೆ ಹಿಡಿದು ಬಂದವರ ಹಬ್ಬ.

ಅಜರಯ್ಯನವರು ತೀರಿಕೊಂಡಿದ್ದು 1945ರ ಜನವರಿ 1, ಡೋರ್ನಕಲ್‌ನಲ್ಲೇ. ಎಪ್ಪತ್ತು ವಯಸ್ಸು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ದಕ್ಷಿಣ ಭಾರತ ಸಭೆ, ನಾವೆಲ್ಲ ಸಿ.ಎಸ್.ಐ. ಅನ್ನುವುದು, ಶುರುವಾಯಿತು. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನಲ್ಲಿ ನೀವು ಸಿ.ಎಸ್.ಐ. ಬೋರ್ಡು ನೋಡಿರುತ್ತೀರಿ. ಅದರ ಒಂದು ಬೇರು ಡೋರ್ನಕಲ್‌ನಲ್ಲಿದೆ.

ತಿರುನೆಲ್ವೇಲಿಯ ಆ ಸೊಸೈಟಿ ಇಂದಿಗೂ ಇದೆ, ಪಾಳಯಂಕೋಟೆಯಲ್ಲೇ. 2003ರಲ್ಲಿ ನೂರು ತುಂಬಿತು. ಡೋರ್ನಕಲ್ 2016ರಿಂದ ಹೊಸ ಮಹಬೂಬಾಬಾದ್ ಜಿಲ್ಲೆಯಲ್ಲಿದೆ. ಆ ದಾರಿಯಲ್ಲಿ ಹೋಗುವವರು ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಕಾಯುವಷ್ಟು ಪುರುಸೊತ್ತು ಇದ್ದರೆ ಇಳಿದು ನೋಡಿ ಬನ್ನಿ. ಬೇಸಿಗೆಯಲ್ಲಿ ಮಾತ್ರ ಬೇಡ, ಕಲ್ಲಿದ್ದಲ ಸೀಮೆಯ ಬಿಸಿಲು ನಮ್ಮ ರಾಯಚೂರಿನದಕ್ಕೆ ಏನೂ ಕಮ್ಮಿಯಿಲ್ಲ.